ಡೋಣಿ ಸೀಮೆಯ ಬರ ಮತ್ತು ಜನಸಂಖ್ಯೆಯ ಲೆಕ್ಕ

ಉರ್ದು ಶಾಲೆಯಲ್ಲಿ ನಾವು ಕಲಿತ ಶಬ್ದ ‘ಆಬಾದಿ’. ಮುಂದೆ ಕನ್ನಡ ಹೈಸ್ಕೂಲಿಗೆ ಬಂದಾಗ ಅದೇ ಪಾಠಕ್ಕೆ ‘ಜನಸಂಖ್ಯೆ’ ಎಂದು ಹೆಸರಿತ್ತು. ಎರಡೂ ಪುಸ್ತಕಗಳು ಹೇಳಿದ್ದು ಒಂದೇ. ಜನ ಹೆಚ್ಚುತ್ತಿದ್ದಾರೆ, ಭೂಮಿ ಹೆಚ್ಚುವುದಿಲ್ಲ, ಆದ್ದರಿಂದ ಬಡತನ. ಊರಿನ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಕೆಂಪು ತ್ರಿಕೋನವೂ ಅದರ ಕೆಳಗೆ ‘ನಾವಿಬ್ಬರು, ನಮಗಿಬ್ಬರು’ ಎಂಬ ಬರಹವೂ ಇದ್ದವು. ಪರೀಕ್ಷೆಗೆ ಅಷ್ಟು ಸಾಕಾಗಿತ್ತು. ಆದರೆ ಆ ಎರಡು ಶಬ್ದಗಳ ಒಳಗಿನ ಅರ್ಥ ಬೇರೆ ಬೇರೆ ಎಂಬುದು ನಮಗೆ ಹೊಳೆದದ್ದು ಬಹಳ ತಡವಾಗಿ. ಜನಸಂಖ್ಯೆ ಎಂದರೆ ತಲೆಗಳ ಎಣಿಕೆ. ಆಬಾದಿ ಎಂದರೆ ಜನ ನೆಲೆ ನಿಂತು, ಉತ್ತು ಬಿತ್ತಿ, ತುಂಬಿಕೊಂಡ ಊರು. ಒಂದು ಹೊಲ ಆಬಾದ ಆಯಿತೆಂದರೆ ಪಾಳು ನೆಲ ಬೆಳೆ ಕಂಡಿತು ಎಂದೇ ಅರ್ಥ.

ಡೋಣಿಗೆ ಹೋಗಿದ್ದಾಗ ಈ ಎರಡು ಶಬ್ದಗಳು ಮತ್ತೆ ನೆನಪಾದವು. ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಈ ಊರು ಕಪ್ಪತಗುಡ್ಡದ ಬುಡದಲ್ಲಿದೆ. ಡಂಬಳವನ್ನು ಹಾದು ಬಂದು ಕಪ್ಪತ ಮಲ್ಲೇಶ್ವರಕ್ಕೆ ನಡೆಯುವವರು ಈ ದಾರಿಯಲ್ಲೇ ಗುಡ್ಡ ಹತ್ತುತ್ತಾರೆ. ಒಂದು ಕಡೆ ಎರಿಹೊಲ, ಇನ್ನೊಂದು ಕಡೆ ಕೆಂಪು ಮಸಾರಿ, ಮೇಲೆ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು. ಮಗ್ಗುಲಲ್ಲೇ ಲಂಬಾಣಿ ತಾಂಡಾ. ಚಹಾದ ಅಂಗಡಿಯ ಮುಂದೆ ಕೂತಿದ್ದಾಗ ಮಳೆಯ ಮಾತು ಬಂತು. ಒಬ್ಬ ತರುಣ ಹೇಳಿದ, “ಮಂದಿ ಭಾಳ ಆದ್ರು, ಮಳಿ ಕಡಿಮಿ ಆತು. ಇಷ್ಟ ನೋಡ್ರಿ ಸಾಹೇಬ್ರ, ಇನ್ನೇನೈತಿ?” ಪಕ್ಕದಲ್ಲಿದ್ದ ಹಿರಿಯರೊಬ್ಬರು ಬೀಡಿ ಆರಿಸಿ ಅವನನ್ನೇ ನೋಡಿದರು. “ನಮ್ಮ ಮುತ್ಯಾನ ಮುತ್ಯಾನ ಕಾಲಕ್ಕ ಮಂದಿ ಎಲ್ಲಿದ್ರೋ ತಮ್ಮಾ? ನೆಲ ಪಾಳು ಬಿದ್ದಿತ್ತು, ಗುಡ್ಡದಾಗ ಹುಲಿ ಇದ್ವಂತ. ಆದ್ರೂ ಬರದಾಗ ಊರಿಗೂರ ಸತ್ತುವಂತಲ್ಲ, ಅದ್ಯಾಕ?”

ತರುಣನ ಬಳಿ ಉತ್ತರವಿರಲಿಲ್ಲ. ನಮ್ಮ ಬಳಿಯೂ ಇರಲಿಲ್ಲ. ಮನೆಗೆ ಬಂದು ಹಳೆಯ ಲೆಕ್ಕಗಳನ್ನು ಬಿಚ್ಚಿ ಕೂತೆವು.

ಮುಂಬಯಿ ಪ್ರಾಂತದಲ್ಲಿ ಮೊದಲ ಸಮಗ್ರ ಖಾನೇಷುಮಾರಿ ನಡೆದದ್ದು 1872ರ ಫೆಬ್ರುವರಿ 21ರಂದು. ಅಂದಿನ ಧಾರವಾಡ ಜಿಲ್ಲೆಯೊಳಗೆ ಇಂದಿನ ಧಾರವಾಡ, ಗದಗ, ಹಾವೇರಿ ಮೂರೂ ಸೇರಿದ್ದವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮಿರಜ್ ಸಂಸ್ಥಾನಕ್ಕೂ ಸೇರಿ ಹೊರಗಿದ್ದವು. ಮುಂಡರಗಿ ಗದಗ ತಾಲ್ಲೂಕಿಗೆ ಅಂಟಿಕೊಂಡ ಒಂದು ಸಣ್ಣ ಭಾಗ. ಆ ಎಣಿಕೆಯಲ್ಲಿ ಜಿಲ್ಲೆಗೆ ಸಿಕ್ಕವರು ಸುಮಾರು 9 ಲಕ್ಷ 90 ಸಾವಿರ ಮಂದಿ. ಮುಂದಿನ ಎಣಿಕೆ 1881ರ ಫೆಬ್ರುವರಿ 17ರಂದು. ಆಗ ಸಿಕ್ಕವರು ಸುಮಾರು 8 ಲಕ್ಷ 83 ಸಾವಿರ. ಒಂಬತ್ತು ವರ್ಷಗಳಲ್ಲಿ ಹುಟ್ಟಿದವರನ್ನು ಸೇರಿಸಿಕೊಂಡ ಮೇಲೂ ಒಂದು ಲಕ್ಷಕ್ಕೂ ಮಿಕ್ಕಿ ಜನ ಲೆಕ್ಕದಿಂದ ಕಾಣೆಯಾಗಿದ್ದರು. ನದಿಯಾಚೆ ಮೈಸೂರು ಸಂಸ್ಥಾನದ ಕಥೆ ಇನ್ನೂ ಘೋರ. 1871ರಲ್ಲಿ 50 ಲಕ್ಷ 55 ಸಾವಿರ ಇದ್ದವರು 1881ಕ್ಕೆ 41 ಲಕ್ಷ 86 ಸಾವಿರ. ನಡುವೆ ಬಂದದ್ದು 1876ರಿಂದ 1878ರ ಬರ. ಮೈಸೂರು ಕಡೆಯವರು ಅದನ್ನು ಇಂದಿಗೂ ಧಾತು ಈಶ್ವರ ಸಂವತ್ಸರಗಳ ಬರ ಎಂದು ಕರೆಯುತ್ತಾರೆ.

1876ರಲ್ಲಿ ಮುಂಗಾರೂ ಕೈಕೊಟ್ಟಿತು, ಹಿಂಗಾರೂ ಕೈಕೊಟ್ಟಿತು. ಇದು ನಿಜ. ಆದರೆ ಈ ಸೀಮೆಗೆ ಮಳೆ ಕೈಕೊಡುವುದು ಹೊಸದಲ್ಲ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯ ನೆಲವಿದು. ಒಂದು ವರ್ಷ ಬಂದರೆ ಇನ್ನೊಂದು ವರ್ಷ ಇಲ್ಲ. ಅದನ್ನು ಬಲ್ಲ ರೈತ ಅದಕ್ಕೆ ತಕ್ಕ ಉಪಾಯವನ್ನೂ ಮಾಡಿಕೊಂಡಿದ್ದ. ಅದರ ಹೆಸರು ಹಗೇವು. ಗಟ್ಟಿ ನೆಲದಲ್ಲಿ ಆಳವಾಗಿ ತೋಡಿದ ಗುಂಡಿ, ಬಾಯಿ ಕಿರಿದು, ಹೊಟ್ಟೆ ಅಗಲ. ಒಳಗೆ ಸುತ್ತಲೂ ಹುಲ್ಲು ಹಾಸಿ, ಜೋಳ ತುಂಬಿ, ಮೇಲೆ ಮಣ್ಣು ಮೆತ್ತಿ ಮುಚ್ಚಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆಗೆಯುವಾಗ ಒಳಗಿನ ಕೆಟ್ಟ ಗಾಳಿಗೆ ಮನುಷ್ಯ ಸಾಯಬಹುದೆಂದು ಮೊದಲು ಬಾಯಿ ತೆರೆದು ಬಿಟ್ಟು, ದೀಪ ಇಳಿಸಿ ನೋಡುತ್ತಿದ್ದರು. ಹಳ್ಳಿಯ ಬ್ಯಾಂಕು ಅದು. ಸುಗ್ಗಿಯ ವರ್ಷದ ಜೋಳ ಬರದ ವರ್ಷದ ಬಾಯಿಗೆ.

ಈ ಹಗೇವುಗಳು ಬರಿದಾದದ್ದು ಮಕ್ಕಳು ಹೆಚ್ಚಾದ್ದರಿಂದಲ್ಲ, ಹತ್ತಿಯಿಂದ. 1840ರ ದಶಕದಲ್ಲಿ ಇಂಗ್ಲೆಂಡಿನ ಗಿರಣಿಗಳಿಗಾಗಿ ಅಮೆರಿಕದ ಬೀಜ ತಂದು ಧಾರವಾಡ ಜಿಲ್ಲೆಯಲ್ಲಿ ಬಿತ್ತಿಸಿದರು. ಗದಗ, ಡಂಬಳದ ಎರಿ ಅದಕ್ಕೆ ಒಗ್ಗಿತು. ‘ಧಾರವಾಡ ಅಮೆರಿಕನ್’ ಎಂಬ ಹೆಸರೇ ಮಾರುಕಟ್ಟೆಯಲ್ಲಿ ಹುಟ್ಟಿಕೊಂಡಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿನ ಹತ್ತಿ ನಿಂತು ಇಲ್ಲಿನ ಹತ್ತಿಗೆ ಚಿನ್ನದ ಬೆಲೆ ಬಂತು. ಜೋಳದ ಹೊಲ ಹತ್ತಿಯ ಹೊಲವಾಯಿತು. ಯುದ್ಧ ಮುಗಿಯಿತು, ಬೆಲೆ ಬಿತ್ತು, ಕಂದಾಯ ಮಾತ್ರ ಬೀಳಲಿಲ್ಲ. ಕಂದಾಯವನ್ನು ನಗದಿನಲ್ಲೇ ಕಟ್ಟಬೇಕು, ಸಾಲವನ್ನೂ ನಗದಿನಲ್ಲೇ ತೀರಿಸಬೇಕು. ಹಗೇವಿಗೆ ಹೋಗಬೇಕಾದ ಜೋಳ ಪೇಟೆಗೆ ಹೋಯಿತು. 1876ರಲ್ಲಿ ಮುಗಿಲು ಒಣಗಿದಾಗ ನೆಲದೊಳಗೆ ಕಾಳಿರಲಿಲ್ಲ. ಪೇಟೆಯಲ್ಲಿ ಇತ್ತು, ಬಡವನಿಗೆ ಕೊಳ್ಳಲಾಗದ ಬೆಲೆಯಲ್ಲಿ.

ಮೊದಲು ಬಿದ್ದವರು ಯಾರು? ಹೊಲವಿಲ್ಲದವರು. ಕೂಲಿಗಳು, ನೇಕಾರರು, ನಮ್ಮವರೇ ಆದ ಪಿಂಜಾರರು. ಬರಗಾಲದಲ್ಲಿ ಯಾರೂ ಹೊಸ ಸೀರೆ ಕೊಳ್ಳುವುದಿಲ್ಲ, ಯಾರೂ ಗಾದಿಗೆ ಅರಳೆ ಬಡಿಸುವುದಿಲ್ಲ. ಊರಿನಲ್ಲಿ ಕಾಳು ಇದ್ದಾಗಲೂ ಇವರ ಕೈಯಲ್ಲಿ ಕಾಸಿಲ್ಲ. 1880ರ ಬರ ಆಯೋಗವೂ ಈ ಸತ್ಯವನ್ನು ತನ್ನ ರೀತಿಯಲ್ಲಿ ಒಪ್ಪಿಕೊಂಡಿತು. ಬರವೆಂದರೆ ಮುಖ್ಯವಾಗಿ ಕೆಲಸ ಮತ್ತು ಕೂಲಿಯ ಅಭಾವ ಎಂಬುದು ಅದರ ಅಭಿಪ್ರಾಯದ ಸಾರ. ನೂರು ವರ್ಷಗಳ ನಂತರ, 1981ರಲ್ಲಿ, ಅಮರ್ತ್ಯ ಸೇನ್ 1943ರ ಬಂಗಾಳದ ಬರವನ್ನು ಮುಂದಿಟ್ಟುಕೊಂಡು ಇದನ್ನೇ ಪುಸ್ತಕವಾಗಿ ಬರೆದಾಗ ಜಗತ್ತು ಕಿವಿಗೊಟ್ಟಿತು.

ಆದರೆ 1877ರಲ್ಲಿ ಅಧಿಕಾರದಲ್ಲಿದ್ದವರ ಕಿವಿಯಲ್ಲಿ ಬೇರೆ ಪಾಠವಿತ್ತು. ಥಾಮಸ್ ಮಾಲ್ಥಸ್ ಎಂಬ ಪಾದ್ರಿ 1798ರಲ್ಲಿ ಒಂದು ಪುಸ್ತಕ ಬರೆದ. ಜನ ದುಪ್ಪಟ್ಟು ದುಪ್ಪಟ್ಟಾಗಿ ಬೆಳೆಯುತ್ತಾರೆ, ಅನ್ನ ಒಂದೊಂದೇ ಮೆಟ್ಟಿಲು ಹತ್ತುತ್ತದೆ, ಕೊನೆಗೆ ಹಸಿವು ಬಂದು ಲೆಕ್ಕ ಸರಿಪಡಿಸುತ್ತದೆ ಎಂಬುದು ಅದರ ತಿರುಳು. ಮಾಲ್ಥಸ್ 1805ರಿಂದ 1834ರಲ್ಲಿ ತೀರಿಕೊಳ್ಳುವವರೆಗೂ ಹೇಲಿಬರಿಯಲ್ಲಿ ಮೇಷ್ಟ್ರಾಗಿದ್ದ ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದಿಲ್ಲ. ಹೇಲಿಬರಿ ಎಂದರೆ ಈಸ್ಟ್ ಇಂಡಿಯಾ ಕಂಪನಿಯು ತನ್ನ ಅಧಿಕಾರಿಗಳನ್ನು ತಯಾರು ಮಾಡುತ್ತಿದ್ದ ಕಾಲೇಜು. ಭಾರತವನ್ನು ಆಳಲು ಹಡಗು ಹತ್ತಿದ ಎರಡು ತಲೆಮಾರಿನ ಹುಡುಗರು ಅರ್ಥಶಾಸ್ತ್ರ ಕಲಿತದ್ದು ಈ ಮನುಷ್ಯನಿಂದ. ವೈಸರಾಯ್ ಲಿಟ್ಟನ್ ಅಲ್ಲಿನ ವಿದ್ಯಾರ್ಥಿಯಲ್ಲ. ಆದರೂ ಬರಕ್ಕೆ ಆತ ಕೊಟ್ಟ ಕಾರಣ ಅದೇ ಆಗಿತ್ತು, ಇಲ್ಲಿನ ಜನ ನೆಲದ ಬೆಳೆಗಿಂತ ಬೇಗ ಬೆಳೆಯುತ್ತಾರೆ ಎಂದು. 1877ರ ಜನವರಿ 1ರಂದು ಆತ ದಿಲ್ಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿ ಎಂದು ಸಾರಲು ದರ್ಬಾರು ನಡೆಸುತ್ತಿದ್ದಾಗ ದಖನ್ನಿನಲ್ಲಿ ಜನ ಸಾಯುತ್ತಿದ್ದರು. ಬರಪರಿಹಾರ ನೋಡಿಕೊಳ್ಳಲು ಕಳಿಸಲ್ಪಟ್ಟ ರಿಚರ್ಡ್ ಟೆಂಪಲ್ ದಿನವಿಡೀ ಕಲ್ಲು ಒಡೆಯುವವನಿಗೆ ಒಂದು ಪೌಂಡು ಧಾನ್ಯ, ಮೇಲಿಷ್ಟು ಚಿಲ್ಲರೆ ಸಾಕೆಂದು ಗೊತ್ತು ಮಾಡಿದ. ಒಂದು ಪೌಂಡು ಎಂದರೆ ಅರ್ಧ ಕಿಲೋಗಿಂತ ಕಡಿಮೆ. ಮುಂಬಯಿ ಪ್ರಾಂತದ ಕೂಲಿಗಳು ಇದನ್ನು ಒಪ್ಪದೆ ಕೆಲಸ ಬಿಟ್ಟು ಕೂತರು, ಪುಣೆಯ ಸಾರ್ವಜನಿಕ ಸಭೆ ಅವರ ಬೆನ್ನಿಗೆ ನಿಂತಿತು. 1877-78ರಲ್ಲಿ ಇದೇ ದೇಶದಿಂದ ಯುರೋಪಿಗೆ ಹೋದ ಗೋಧಿ ಸುಮಾರು 3 ಲಕ್ಷ 20 ಸಾವಿರ ಟನ್. ಅನ್ನವೇ ಇರಲಿಲ್ಲ ಎನ್ನಲು ಹೇಗೆ ಸಾಧ್ಯ?

ಇದಕ್ಕೂ ಹಿಂದೆ, 1791-92ರಲ್ಲಿ ಬಂದ ಬರವನ್ನು ಚರಿತ್ರೆ ತಲೆಬುರುಡೆಗಳ ಬರ ಎಂದು ಕರೆಯುತ್ತದೆ, ಹೂಳುವವರಿಲ್ಲದೆ ಎಲುಬುಗಳು ಬಯಲಲ್ಲೇ ಬಿದ್ದಿದ್ದವೆಂದು. ಡಂಬಳದ ಸೀಮೆಯೂ ಅದರಲ್ಲಿ ನಲುಗಿತು. ಆಗಲೂ ಮಳೆಯ ಜೊತೆ ಕೈಗೂಡಿಸಿದ್ದು ಯುದ್ಧ. ಟಿಪ್ಪುವಿನ ಕೋಟೆಯನ್ನು ಮುತ್ತಲು ಧಾರವಾಡಕ್ಕೆ ಬಂದ ಪರಶುರಾಮ ಭಾವೂನ ದಂಡು ಸುತ್ತಲಿನ ಹಳ್ಳಿಗಳ ಮೇವು ಕಾಳುಗಳನ್ನು ಬಾಚಿ ತಿಂದಿತ್ತು. ಡೋಣಿಯ ಹಿರಿಯರ ಪ್ರಶ್ನೆಗೆ ಉತ್ತರ ಇಲ್ಲಿದೆ ಎಂದು ನಮಗನಿಸುತ್ತದೆ. ಮಂದಿ ಕಡಿಮೆ ಇದ್ದರೂ ಸತ್ತರು, ಏಕೆಂದರೆ ಅವರ ಕಾಳಿನ ಮೇಲೆ ಅವರ ಹಕ್ಕು ಇರಲಿಲ್ಲ.

ಇಬ್ನ್ ಖಲ್ದೂನನ ‘ಮುಕದ್ದಿಮಾ’ವನ್ನು ನಾವು ಉರ್ದುವಿನಲ್ಲಿ ಓದಿದ್ದೇವೆ. ಅವನು ಅದನ್ನು ಬರೆದದ್ದು 1377ರಲ್ಲಿ, ಟೆಂಪಲ್‌ನ ಒಂದು ಪೌಂಡಿಗೆ ಸರಿಯಾಗಿ 500 ವರ್ಷ ಮೊದಲು. ಊರಿನಲ್ಲಿ ಜನ ಹೆಚ್ಚಿದಷ್ಟೂ ಕಸುಬುಗಳು ಹಂಚಿಕೊಳ್ಳುತ್ತವೆ, ದುಡಿಮೆ ಕೂಡುತ್ತದೆ, ಎಲ್ಲರ ಹೊಟ್ಟೆಗೂ ಮಿಕ್ಕಿ ಉಳಿಯುತ್ತದೆ ಎನ್ನುತ್ತಾನೆ ಆತ. ರಾಜ್ಯಗಳ ಕೊನೆಗಾಲದಲ್ಲಿ ಬರಗಳು ಹೆಚ್ಚುವುದೇಕೆ ಎಂಬುದಕ್ಕೂ ಅವನ ಬಳಿ ಉತ್ತರವಿದೆ. ತೆರಿಗೆಯ ಭಾರಕ್ಕೆ ರೈತರು ಉಳುವುದನ್ನೇ ಬಿಡುತ್ತಾರೆ, ಕೂಡಿಟ್ಟ ಕಾಳು ಇಲ್ಲವಾಗುತ್ತದೆ, ಆಗ ಒಂದು ಮಳೆ ತಪ್ಪಿದರೂ ಸಾವು. ಹೇಲಿಬರಿಯ ಹುಡುಗರಿಗೆ ಈ ಪಾಠವನ್ನೂ ಓದಿಸಿದ್ದರೆ ಎಂದು ಆಸೆಪಡುವುದು ತಡವಾದ ಆಸೆ.

ಈಗ ಇಂದಿನ ಲೆಕ್ಕ. 2011ರ ಜನಗಣತಿಯಲ್ಲಿ ಧಾರವಾಡ, ಹಾವೇರಿ, ಗದಗ ಮೂರೂ ಜಿಲ್ಲೆ ಸೇರಿ 45 ಲಕ್ಷ ಜನ. ಸಂಸ್ಥಾನಗಳಿಂದ ಬಂದು ಸೇರಿದ ಊರುಗಳನ್ನು ಬಿಟ್ಟರೂ, ಬರದ ನಂತರದ ಎಣಿಕೆಗಿಂತ ಸುಮಾರು ಐದು ಪಟ್ಟು. ಮಾಲ್ಥಸ್ ಹೇಳಿದ್ದು ನಿಜವಾಗಿದ್ದರೆ ಈ ಹೊತ್ತಿಗೆ ಇಲ್ಲಿ ಹತ್ತಾರು ಧಾತು ಈಶ್ವರಗಳು ಆಗಬೇಕಿತ್ತು. ಆಗಲಿಲ್ಲ. 1972ರ ಭೀಕರ ಬರದಲ್ಲೂ ಆಗಲಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದಾಗಲೂ ಆಗಲಿಲ್ಲ. 1884ರಲ್ಲಿ ಗದಗಿಗೆ ಬಂದ ರೈಲು, ಧಾರವಾಡದ ಕೃಷಿ ಕಾಲೇಜು, ಹೈಬ್ರಿಡ್ ಬೀಜ, ಎಲ್ಲಕ್ಕಿಂತ ಮೇಲಾಗಿ ರೇಷನ್ ಅಂಗಡಿ ಮತ್ತು ಓಟಿನ ಪೆಟ್ಟಿಗೆ. ಜನರಿಗೆ ಓಟು ಇದ್ದಲ್ಲಿ ಸರಕಾರ ಅವರನ್ನು ಸಾಯಲು ಬಿಡಲಾಗದು.

ಹಾಗೆಂದು ಭೂಮಿಗೆ ಮಿತಿಯೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಮಿತಿ ಇದೆ, ಡೋಣಿಯಲ್ಲೇ ಕಾಣುತ್ತದೆ. ಹಳೆಯ ಜನ ಕೆರೆ ಬಾವಿಗಳ ನೀರಿನಲ್ಲಿ ಬದುಕಿದರು, ಅದು ಆಯಾ ವರ್ಷದ ಮಳೆಯ ನೀರು. ನಾವು ಕೊಳವೆಬಾವಿ ಕೊರೆದು ಅಜ್ಜ ಮುತ್ತಜ್ಜಂದಿರ ಕಾಲದ ನೀರನ್ನು ಕುಡಿಯುತ್ತಿದ್ದೇವೆ. ಮುಂಡರಗಿ ತಾಲ್ಲೂಕಿನ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಹಲ್ಲು ಕಂದುಗಟ್ಟಿದ ಮಕ್ಕಳು, ಕೀಲು ಬಿಗಿದ ಹಿರಿಯರು ಹಳ್ಳಿಗಳಲ್ಲಿ ಸಿಗುತ್ತಾರೆ. ಹಿಂದೆ ಜೋಳ ಹಗೇವಿನಿಂದ ಖಾಲಿಯಾದಂತೆ ಇಂದು ನೀರು ನೆಲದಿಂದ ಖಾಲಿಯಾಗುತ್ತಿದೆ, ಬಹುಪಾಲು ಪೇಟೆಯ ಬೆಳೆಗಾಗಿಯೇ. ಇದು ಬಾಯಿಗಳ ಲೆಕ್ಕವಲ್ಲ. ಒಂದು ಮನೆಯ ಎಂಟು ಜನ ಕುಡಿಯುವ ನೀರು ಒಂದು ಐದು ಎಚ್‌ಪಿ ಮೋಟರು ನಾಲ್ಕು ನಿಮಿಷದಲ್ಲಿ ಎತ್ತುವಷ್ಟೂ ಇರಲಿಕ್ಕಿಲ್ಲ.

ಅಮೆರಿಕದಲ್ಲಿ 1980ರಲ್ಲಿ ಒಂದು ವಿಚಿತ್ರ ಪಂದ್ಯ ನಡೆಯಿತು. 1968ರಲ್ಲಿ ಜನಸಂಖ್ಯೆಯನ್ನು ಬಾಂಬಿಗೆ ಹೋಲಿಸಿ ಪುಸ್ತಕ ಬರೆದಿದ್ದ ಪಾಲ್ ಎರ್ಲಿಕ್ ಒಂದು ಕಡೆ, ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್ ಇನ್ನೊಂದು ಕಡೆ. ಜನ ಹೆಚ್ಚಿದಂತೆ ಐದು ಲೋಹಗಳ ಬೆಲೆ ಹತ್ತು ವರ್ಷದಲ್ಲಿ ಏರುತ್ತದೆಯೋ ಇಳಿಯುತ್ತದೆಯೋ ಎಂದು. ಆ ಹತ್ತು ವರ್ಷಗಳಲ್ಲಿ ಜಗತ್ತಿನ ಜನಸಂಖ್ಯೆ 80 ಕೋಟಿಗೂ ಹೆಚ್ಚು ಏರಿತು, ಲೋಹಗಳ ಬೆಲೆ ಇಳಿಯಿತು, ಸೈಮನ್ ಗೆದ್ದ. ಇದನ್ನು ಓದಿದಾಗ ನಮಗೆ ಅನಿಸಿದ್ದು ಇಷ್ಟೆ. ಇಬ್ಬರೂ ಲೋಹದ ಬೆಲೆ ಕೇಳಿದರು, ಲೋಹ ತೆಗೆದ ಗುಡ್ಡದ ಬೆಲೆಯನ್ನು ಇಬ್ಬರೂ ಕೇಳಲಿಲ್ಲ.

ಕಪ್ಪತಗುಡ್ಡದಲ್ಲಿ ಆ ಪ್ರಶ್ನೆ ಹಳೆಯದು. ಡೋಣಿ, ಹರ್ತಿ, ಸೊರಟೂರಿನ ಹಳ್ಳಗಳ ಮರಳಿನಲ್ಲಿ ಚಿನ್ನದ ಪುಡಿ ಸಿಗುತ್ತಿತ್ತು. ಮಳೆಗಾಲ ಕಳೆದ ಮೇಲೆ ಜಾಲಗಾರರು ಮರಿಗೆ ಹಿಡಿದು ಮರಳು ತೊಳೆದು ದಿನದ ಅನ್ನದಷ್ಟು ಚಿನ್ನ ಹೆಕ್ಕುತ್ತಿದ್ದರು. 1874ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಗುಡ್ಡಗಳ ಚಿನ್ನದ ಬಗ್ಗೆ ವರದಿ ಬರೆದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗದಗದ ಬಳಿ ಕಂಪನಿಯ ಗಣಿಗಳು ಬಂದವು, ಕೆಲವೇ ವರ್ಷ ನಡೆದು ಮುಚ್ಚಿದವು. ಜಾಲಗಾರ ತೊಳೆದದ್ದು ಹಳ್ಳ ತಾನಾಗಿ ತಂದು ಹಾಕಿದ ಮರಳನ್ನು. ಕಂಪನಿಗೆ ಬೇಕಾದದ್ದು ಗುಡ್ಡವೇ.

2010ರಲ್ಲಿ ದಕ್ಷಿಣ ಕೊರಿಯಾದ ಪೋಸ್ಕೊ ಕಂಪನಿ ಈ ತಾಲ್ಲೂಕಿನಲ್ಲಿ ವರ್ಷಕ್ಕೆ 60 ಲಕ್ಷ ಟನ್ನಿನ ಉಕ್ಕಿನ ಕಾರ್ಖಾನೆ ಕಟ್ಟಲು ರಾಜ್ಯ ಸರಕಾರದ ಜೊತೆ ಒಪ್ಪಂದ ಮಾಡಿಕೊಂಡಿತು. ಹಳ್ಳಿಗುಡಿ ಸುತ್ತಲಿನ 3,382 ಎಕರೆ ಜಮೀನು ಕೇಳಿತು. 2011ರಲ್ಲಿ ರೈತರು ಎದ್ದರು. ಗದಗದ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು. ಅದೇ ಜುಲೈನಲ್ಲಿ ಸರಕಾರ ಭೂಸ್ವಾಧೀನ ಕೈಬಿಟ್ಟಿತು, 2013ರಲ್ಲಿ ಕಂಪನಿಯೇ ಹೊರಟುಹೋಯಿತು. ಬೆನ್ನಿಗೇ ಗುಡ್ಡದ ಸರದಿ. 2015ರ ಡಿಸೆಂಬರಿನಲ್ಲಿ ಕಪ್ಪತಗುಡ್ಡ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾಯಿತು, 2016ರ ನವೆಂಬರಿನಲ್ಲಿ ಅದನ್ನು ಹಿಂದಕ್ಕೆ ಪಡೆದರು, ಗದಗದಲ್ಲಿ ಮತ್ತೆ ಜನ ಬೀದಿಗಿಳಿದರು, 2017ರ ಏಪ್ರಿಲಿನಲ್ಲಿ ಘೋಷಣೆ ಮರಳಿ ಬಂತು. 2019ರ ಮೇ ತಿಂಗಳಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು. ಅಷ್ಟು ಹೊತ್ತಿಗೆ ಸ್ವಾಮೀಜಿ ತೀರಿಕೊಂಡು ಏಳು ತಿಂಗಳಾಗಿತ್ತು.

ಈ ಹೋರಾಟಗಳ ನಡುವೆ ಯಾರೂ ಡೋಣಿಯ ಹೆಂಗಸರನ್ನು ನಿಮಗೆಷ್ಟು ಮಕ್ಕಳು ಎಂದು ಕೇಳಲಿಲ್ಲ. ಗುಡ್ಡಕ್ಕೆ ಕುತ್ತು ಬಂದದ್ದು ಅವರಿಂದಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಒಂದು ಮಾತು. ವನ್ಯಜೀವಿಧಾಮವಾದ ಮೇಲೆ ಕುರಿ ಮೇಯಿಸುವವನಿಗೆ, ಕಟ್ಟಿಗೆ ತರುವ ತಾಂಡಾದವಳಿಗೆ ಗುಡ್ಡದ ಬಾಗಿಲು ಕಿರಿದಾಗಿದೆ. ಗುಡ್ಡ ಉಳಿಸಿದ ಪುಣ್ಯದಲ್ಲಿ ಅವರ ಪಾಲು ಏನೆಂದು ನಾವು ಇನ್ನೂ ಸರಿಯಾಗಿ ಕೇಳಿಕೊಂಡಿಲ್ಲ.

ಮಕ್ಕಳ ಮಾತು ಬಂದ ಮೇಲೆ ನಮ್ಮ ಸಮುದಾಯದ ಮಾತನ್ನೂ ಆಡಿಬಿಡಬೇಕು. ಜನಸಂಖ್ಯೆ ಎಂಬ ಶಬ್ದ ಸಭೆಯಲ್ಲಿ ಬಂದ ಕೂಡಲೇ ನಾಲ್ಕು ಕಣ್ಣು ನಮ್ಮ ಟೋಪಿಯ ಕಡೆ ತಿರುಗುವುದು ನಮಗೆ ರೂಢಿಯಾಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992-93ರಲ್ಲಿ ದೇಶದ ಮುಸ್ಲಿಂ ಮಹಿಳೆಗೆ ಸರಾಸರಿ 4.4 ಮಕ್ಕಳು, ಹಿಂದೂ ಮಹಿಳೆಗೆ 3.3. 2019-21ಕ್ಕೆ ಅವು 2.36 ಮತ್ತು 1.94. ಅಂತರ ಇದೆ, ಆದರೆ ಅರ್ಧಕ್ಕಿಂತ ಕಡಿಮೆಗೆ ಇಳಿದಿದೆ. ಇಳಿಕೆಯ ವೇಗ ನಮ್ಮಲ್ಲೇ ಹೆಚ್ಚು. ಕರ್ನಾಟಕದ ಒಟ್ಟು ಸರಾಸರಿ 1.7. ಅಂದರೆ ಜನಸಂಖ್ಯೆ ತಾನಾಗಿ ಕುಗ್ಗುವ ಮಟ್ಟ. ಹೆಣ್ಣು ಮಗಳು ಎಷ್ಟು ವರ್ಷ ಶಾಲೆಗೆ ಹೋದಳು ಎಂಬುದು ಮತಕ್ಕಿಂತ ದೊಡ್ಡ ಅಂತರ. ಶಾಲೆ ಕಾಣದವಳಿಗೆ ಸರಾಸರಿ 2.8, ಹನ್ನೆರಡು ವರ್ಷ ಅಥವಾ ಹೆಚ್ಚು ಓದಿದವಳಿಗೆ 1.8. ಇಷ್ಟು ತಿಳಿದ ಮೇಲೂ ಏಳನೆಯ ತರಗತಿಗೆ ಮಗಳನ್ನು ಶಾಲೆ ಬಿಡಿಸುವ ನಮ್ಮ ಮನೆಗಳಿಗೆ ಏನು ಹೇಳಬೇಕು? ಧರ್ಮ ಅಡ್ಡಬಂತು ಎನ್ನುವವರು ಇಮಾಮ್ ಗಝಾಲಿಯನ್ನು ಓದಲಿ. ಗರ್ಭ ನಿಲ್ಲದಂತೆ ಪತಿ ಎಚ್ಚರವಹಿಸುವುದನ್ನು ಅವರು ಸುಮಾರು 900 ವರ್ಷಗಳ ಹಿಂದೆಯೇ ಚರ್ಚಿಸಿ, ನಿಷಿದ್ಧವಲ್ಲವೆಂದು ಬರೆದಿಟ್ಟಿದ್ದಾರೆ. 1930ರಲ್ಲಿ ಮೈಸೂರು ಸಂಸ್ಥಾನ ಸರಕಾರಿ ಆಸ್ಪತ್ರೆಯಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಒಪ್ಪಿಗೆ ಕೊಟ್ಟಿತು. ಜಗತ್ತಿನ ಯಾವ ಸರಕಾರವೂ ಆವರೆಗೆ ಮಾಡದಿದ್ದ ಕೆಲಸ ಅದು. ಆಗ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ಅಲ್ಲಿ ಬಲವಂತ ಇರಲಿಲ್ಲ. ಬಲವಂತ ಬಂದದ್ದು 1976ರಲ್ಲಿ, ತುರ್ತುಪರಿಸ್ಥಿತಿಯಲ್ಲಿ, ಒಂದೇ ವರ್ಷ ದೇಶದಲ್ಲಿ 60 ಲಕ್ಷಕ್ಕೂ ಹೆಚ್ಚು ಗಂಡಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿದಾಗ. ಆ ಭಯ ಎಷ್ಟೋ ವರ್ಷ ಹಳ್ಳಿಗಳಲ್ಲಿ ಉಳಿದು, ಆರೋಗ್ಯ ಕೇಂದ್ರದ ದಾದಿಯನ್ನು ಕಂಡರೂ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು.

2001ರಿಂದ 2011ರ ನಡುವೆ ರಾಜ್ಯದ ಜನ ಸುಮಾರು ಶೇಕಡಾ 15.6ರಷ್ಟು ಬೆಳೆದರೆ ಗದಗ ಜಿಲ್ಲೆ ಬೆಳೆದದ್ದು ಶೇಕಡಾ 9.5 ಮಾತ್ರ. ಜನದಟ್ಟಣೆಯಲ್ಲೂ ರಾಜ್ಯದ ಸರಾಸರಿಗಿಂತ ಕಡಿಮೆ. ಜನ ಕಡಿಮೆ, ಆದರೂ ಈ ನೆಲಕ್ಕೆ ಅವರನ್ನು ಹಿಡಿದಿಟ್ಟುಕೊಳ್ಳಲಾಗುತ್ತಿಲ್ಲ. ಹಿಂಗಾರು ಕೈಕೊಟ್ಟ ವರ್ಷ ದೀಪಾವಳಿ ಮುಗಿದದ್ದೇ ತಾಂಡಾಗಳಿಂದ ಗುಳೆ ಹೊರಡುತ್ತದೆ, ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ. ಮನೆಯಲ್ಲಿ ಉಳಿಯುವವರು ಮುದುಕರು, ಶಾಲೆಗೆ ಹೋಗುವ ಒಂದೆರಡು ಮಕ್ಕಳು, ಕಟ್ಟಿಹಾಕಿದ ಆಡು.

2021ರಲ್ಲಿ ನಡೆಯಬೇಕಿದ್ದ ಜನಗಣತಿ ಕೋವಿಡ್‌ನಿಂದ ನಿಂತುಹೋಯಿತು. ಮುಂದಿನದಕ್ಕೆ ಸರಕಾರ 2027ರ ಮಾರ್ಚ್ 1ನ್ನು ಆಧಾರ ದಿನವಾಗಿ ಗೊತ್ತುಮಾಡಿತು. ತಲೆ ಎಣಿಸುವ ಕೆಲಸ ಅದರ ಹಿಂದಿನ ಫೆಬ್ರುವರಿಗೆ, 1872 ಮತ್ತು 1881ರಲ್ಲಿದ್ದಂತೆಯೇ. ಹಳೆಯ ಫೆಬ್ರುವರಿಗಳಲ್ಲಿ ಈ ಸೀಮೆಯವರು ಬಿಳಿಜೋಳದ ಸುಗ್ಗಿಗೆ ಹೊಲದಲ್ಲೇ ಸಿಗುತ್ತಿದ್ದರು. ಹಗೇವು ತೋಡಿದ್ದ ಜಾಗವನ್ನು ತಮ್ಮ ಮನೆಯ ಹಿತ್ತಲಲ್ಲಿ ನಮಗೆ ತೋರಿಸಿದ ಆ ಹಿರಿಯರನ್ನು, ಎಣಿಸುವವರು ಬಂದಾಗ ಮಕ್ಕಳೆಲ್ಲಿರುತ್ತಾರೆ ಎಂದು ಕೇಳಿದೆವು. “ದೊಡ್ಡಾವ ಮಡಗಾಂವದಾಗ, ಸಣ್ಣಾವ ಬೆಂಗಳೂರಾಗ ರೀ. ಫೋನ್ ಹಚ್ಚಿ ಕೇಳ್ಬೇಕು, ಯಾವೂರಾಗ ಬರಸ್ತೀರಪಾ ಹೆಸರು ಅಂತ.” ಗುಂಡಿಯಲ್ಲಿ ಈಗ ತಿಪ್ಪೆಯ ಕಸ ತುಂಬಿತ್ತು.